ಚಹವನ್ನು ಕುದಿಸಬೇಕೆ, ನೆನೆಸಬೇಕೆ?

ಚಹದ ಸೊಪ್ಪನ್ನು ನೀರಿನೊಡನೆ ಒಲೆಯ ಮೇಲಿಟ್ಟು ಕುದಿಸಬೇಕೆ, ಅಥವಾ ಬೇರೆಯಾಗಿ ಕುದಿದ ನೀರನ್ನು ಸೊಪ್ಪಿನ ಮೇಲೆ ಎರೆದು ಮುಚ್ಚಿಡಬೇಕೆ? ನೋಡುವುದಕ್ಕೆ ಇದು ಅಡಿಗೆಯ ಮನೆಯ ಸಣ್ಣ ಪ್ರಶ್ನೆ. ಆದರೆ ಇದನ್ನು ಕುರಿತು ಹನ್ನೆರಡು ಶತಮಾನಗಳಿಂದ ಚರ್ಚೆ ನಡೆದುಬಂದಿದೆ. ಪಂಡಿತರು, ಚಕ್ರವರ್ತಿಗಳು, ಸನ್ಯಾಸಿಗಳು, ವರ್ತಕರು, ಕೊನೆಗೆ ಸರ್ಕಾರದ ಕಾನೂನಿನಿಂದ ಹುಟ್ಟಿದ ಮಂಡಳಿಗಳು, ಎಲ್ಲರೂ ತಮ್ಮ ತಮ್ಮ ತೀರ್ಪನ್ನು ಕೊಟ್ಟಿದ್ದಾರೆ. ಆ ತೀರ್ಪುಗಳಲ್ಲಿ ಬಹುಭಾಗ ನಮ್ಮ ಮನೆಗಳ ಪದ್ಧತಿಗೆ ವಿರುದ್ಧವಾಗಿಯೇ ಇವೆ. ಶುಂಠಿಯನ್ನು ಜಜ್ಜಿ ಹಾಕಿ, ಹಾಲು ಸಕ್ಕರೆ ಬೆರೆಸಿ, ಉಕ್ಕಿ ಬರುವವರೆಗೆ ಕುದಿಸುವ ನಮ್ಮ ಗೃಹಿಣಿ ಒಳ್ಳೆಯ ಪದಾರ್ಥವೊಂದನ್ನು ಕೆಡಿಸುತ್ತಾಳೆಂಬುದು ಬಲ್ಲವರೆನಿಸಿಕೊಂಡವರ ಮಾತು. ಈ ಮಾತು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಚರಿತ್ರೆಯ ಸಹಾಯದಿಂದ ಸ್ವಲ್ಪ ವಿಚಾರಮಾಡಿ ನೋಡಬಹುದು.

ಮೈಸೂರು ಸೀಮೆ ಕಾಫಿಯ ಸೀಮೆ. ಇಲ್ಲಿ ನಿಂತು ಚಹವನ್ನು ಹೊಗಳುವವನನ್ನು ಶ್ರೋತೃಗಳು ಸ್ವಲ್ಪ ಸಂಶಯದಿಂದಲೇ ನೋಡಬಹುದು. ಆದರೂ ಕನ್ನಡಿಗರಿಗೆ ಈ ಪಾನೀಯದ ವಿಷಯದಲ್ಲಿ ಒಂದು ವಿಶೇಷವುಂಟು. ಮೈಸೂರಿನ ಕಡೆಯವರು ಇದನ್ನು ‘ಟೀ’ ಎನ್ನುತ್ತಾರೆ. ಹುಬ್ಬಳ್ಳಿ ಧಾರವಾಡಗಳ ಕಡೆಯವರು ‘ಚಹಾ’ ಎನ್ನುತ್ತಾರೆ. ಎರಡು ಮಾತುಗಳೂ ಚೀನಾದೇಶದವೇ. ಅಲ್ಲಿನ ಆಗ್ನೇಯ ಕರಾವಳಿಯ ಫೂಜಿಯೆನ್ ಸೀಮೆಯ ಆಡುಮಾತಿನಲ್ಲಿ ಈ ಗಿಡಕ್ಕೆ ‘ತೆ’ ಎಂದು ಹೆಸರು. ಡಚ್ಚರು ಆ ರೇವುಗಳ ವರ್ತಕರಿಂದ ಸರಕನ್ನೂ ಮಾತನ್ನೂ ಕೊಂಡೊಯ್ದುದರಿಂದ ಅದು ಇಂಗ್ಲಿಷಿಗೆ ಹೋಗಿ ಅಲ್ಲಿಂದ ನಮಗೆ ಬಂದಿತು. ಚೀನಾದ ಉಳಿದ ಭಾಗಗಳಲ್ಲಿ ಬಹುಮಟ್ಟಿಗೆ ‘ಚಾ’ ಎಂದೇ ರೂಢಿ. ಅದು ಒಂಟೆಗಳ ದಾರಿಯಾಗಿ ಪಾರಸಿಗೂ, ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮದ ಕರಾವಳಿಗಳಿಗೂ ಹರಡಿತು. ಸಮುದ್ರದ ಹೆಸರೂ ನೆಲದ ಹೆಸರೂ ಒಂದೇ ಭಾಷೆಯಲ್ಲಿ, ಕೆಲವು ಗಾವುದಗಳ ಅಂತರದಲ್ಲಿ, ಅಕ್ಕಪಕ್ಕದಲ್ಲಿ ನಿಂತಿರುವುದು ಅಪರೂಪವಾದ ಸಂಗತಿ.

ಕರಿಯ ಚಹ, ಹಸುರು ಚಹ, ಇವೆರಡರ ನಡುವಿನ ಊಲಾಂಗ್ ಎಂಬುದು, ಇವೆಲ್ಲ ಬೇರೆ ಬೇರೆ ಗಿಡಗಳೆಂದು ಯೂರೋಪಿನವರು ಬಹುಕಾಲ ನಂಬಿದ್ದರು. ಸಸ್ಯಗಳಿಗೆ ನಾಮಕರಣಮಾಡಿದ ಲಿನೀಯಸ್ ಪಂಡಿತನೇ 1762ರಲ್ಲಿ ಕರಿಯದಕ್ಕೆ ಒಂದು, ಹಸುರಿಗೆ ಒಂದು ಎಂದು ಎರಡು ಹೆಸರುಗಳನ್ನು ಕೊಟ್ಟನು. 1840ರ ದಶಕದಲ್ಲಿ ಚೀನಾದ ಒಳನಾಡನ್ನು ಹೊಕ್ಕು ನೋಡಿದ ರಾಬರ್ಟ್ ಫಾರ್ಚೂನನು ಎರಡೂ ಒಂದೇ ಗಿಡದ ಎಲೆಗಳೆಂದು ತಿಳಿಸಿದನು. ಭೇದವಿರುವುದು ಸಂಸ್ಕಾರದಲ್ಲಿ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ನಾವು ದಿನವೂ ಕಾಣುತ್ತೇವೆ. ಕಿತ್ತ ಚಹದೆಲೆಯನ್ನು ಬಾಡಿಸಿ ಹೊಸೆದರೆ ಅದೂ ಹಾಗೆಯೇ ಕಂದುತ್ತದೆ. ಪೂರ್ತಿಯಾಗಿ ಕಂದಿದ ಮೇಲೆ ಒಣಗಿಸಿದರೆ ಕರಿಯ ಚಹ, ಅರ್ಧದಲ್ಲಿ ತಡೆದರೆ ಊಲಾಂಗ್. ಕಿತ್ತ ಕೂಡಲೆ ಹಬೆಯಲ್ಲಿಯೋ ಬಾಣಲೆಯಲ್ಲಿಯೋ ಕಾಯಿಸಿಬಿಟ್ಟರೆ ಕಂದಿಸುವ ಶಕ್ತಿಯೇ ನಾಶವಾಗಿ ಎಲೆ ಹಸುರಾಗಿ ಉಳಿಯುತ್ತದೆ. ಯಾವ ಎಲೆಗೆ ಎಂತಹ ನೀರು ಎಂಬ ಪ್ರಶ್ನೆಯ ಬುಡ ಇಲ್ಲಿದೆ.

ಚಹದ ವಿಷಯದಲ್ಲಿ ಮೊದಲನೆಯ ಶಾಸ್ತ್ರಗ್ರಂಥವನ್ನು ಬರೆದವನು ಲು ಯು ಎಂಬ ಚೀನೀಯನು. ಕಾಲ 8ನೆಯ ಶತಮಾನ, ತಾಂಗ್ ಚಕ್ರವರ್ತಿಗಳ ಆಳಿಕೆ. ಇವನು ತಾಯಿತಂದೆಗಳಿಲ್ಲದ ಕೂಸಾಗಿ ಬೌದ್ಧ ವಿಹಾರವೊಂದರಲ್ಲಿ ಬೆಳೆದವನೆಂದು ಹೇಳುತ್ತಾರೆ. ಅವನ ಕಾಲದಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿನಲ್ಲಿ ಒತ್ತಿ ಬಿಲ್ಲೆಗಳನ್ನಾಗಿ ಮಾಡುತ್ತಿದ್ದರು. ಕುಡಿಯುವ ಹೊತ್ತಿಗೆ ಬಿಲ್ಲೆಯನ್ನು ಕೆಂಡಕ್ಕೆ ಹಿಡಿದು ಬಾಡಿಸಿ, ಪುಡಿಮಾಡಿ, ನೀರಿಗೆ ಹಾಕಿ ಕುದಿಸಬೇಕಾಗಿತ್ತು. ನೀರು ಕಾಯುವುದನ್ನು ಲು ಯು ನೋಡಿದಷ್ಟು ಶ್ರದ್ಧೆಯಿಂದ ಮತ್ತಾರೂ ನೋಡಿರಲಾರರು. ಮೀನಿನ ಕಣ್ಣಿನಂತಹ ಗುಳ್ಳೆಗಳೆದ್ದು ಸಣ್ಣ ಸದ್ದು ಬಂದರೆ ಅದು ಮೊದಲನೆಯ ಕುದಿ. ಆಗ ಉಪ್ಪು ಹಾಕಬೇಕು. ಪಾತ್ರೆಯ ಅಂಚಿನಲ್ಲಿ ಮುತ್ತಿನ ಸರಗಳಂತೆ ಗುಳ್ಳೆಗಳು ಎದ್ದರೆ ಎರಡನೆಯದು. ಆಗ ಒಂದು ಸೌಟು ನೀರನ್ನು ತೆಗೆದಿಟ್ಟು, ಉಳಿದುದನ್ನು ಸುಳಿಯಾಗುವಂತೆ ತಿರುವಿ, ನಡುವೆ ಪುಡಿಯನ್ನು ಬಿಡಬೇಕು. ತೆರೆಗಳಂತೆ ಎದ್ದು ಬಿದ್ದರೆ ಮೂರನೆಯದು. ತೆಗೆದಿಟ್ಟ ನೀರನ್ನು ಮರಳಿ ಎರೆದು ಆ ಉಬ್ಬರವನ್ನು ಇಳಿಸಬೇಕು. ಅದಕ್ಕಿಂತ ಹೆಚ್ಚು ಕುದಿದ ನೀರು ಮುದಿಯಾಯಿತೆಂದು ಅವನ ಮತ.

ಆದ್ದರಿಂದ ಆದಿಯಲ್ಲಿ ಚಹವನ್ನು ನೆನೆಸುತ್ತಿರಲಿಲ್ಲ, ಕುದಿಸುತ್ತಿದ್ದರು. ಸಪ್ಪೆಯಾಗಿಯಲ್ಲ, ಉಪ್ಪು ಹಾಕಿಯೇ ಕುಡಿಯುತ್ತಿದ್ದರು. ಇನ್ನೂ ಸ್ವಾರಸ್ಯವಾದುದು ಲು ಯುವಿನ ಸಿಟ್ಟು. ತನ್ನ ಕಾಲದ ಜನ ಚಹಕ್ಕೆ ಶುಂಠಿ, ಈರುಳ್ಳಿ, ಕಿತ್ತಿಳೆಯ ಸಿಪ್ಪೆ, ಪುದೀನ ಮೊದಲಾದುವನ್ನು ಹಾಕಿ ಬಹಳ ಹೊತ್ತು ಕುದಿಸುತ್ತಾರೆಂದೂ, ಅದು ಚರಂಡಿಗೆ ಚೆಲ್ಲುವ ನೀರಿಗೆ ಸಮಾನವೆಂದೂ, ಎಷ್ಟು ಹೇಳಿದರೂ ಜನ ಆ ರೂಢಿಯನ್ನು ಬಿಡುವುದಿಲ್ಲವೆಂದೂ ಅವನು ಸಂಕಟಪಟ್ಟಿದ್ದಾನೆ. ಮಸಾಲೆ ಚಹದ ಮೇಲಿನ ಆಕ್ಷೇಪಣೆಗೆ ಸಾವಿರದ ಇನ್ನೂರು ವರ್ಷಗಳಾದುವೆಂದಾಯಿತು. ಆಕ್ಷೇಪಣೆ ಅಷ್ಟು ಹಳೆಯದಾದರೆ ಶುಂಠಿ ಅದಕ್ಕಿಂತಲೂ ಹಳೆಯದು. ಶಾಸ್ತ್ರ ಹುಟ್ಟಿದ್ದು ಆಮೇಲೆ.

ಈ ಹಳೆಯ ಪದ್ಧತಿ ಎತ್ತರದ ದೇಶಗಳಲ್ಲಿ ಇಂದಿಗೂ ಉಳಿದಿದೆ. ಟಿಬೆಟ್ಟಿನವರು ಇಟ್ಟಿಗೆಯಂತೆ ಒತ್ತಿದ ಚಹವನ್ನು ಮುರಿದು ಬಹಳ ಹೊತ್ತು ಕುದಿಸಿ, ಉಪ್ಪು ಬೆಣ್ಣೆಗಳನ್ನು ಸೇರಿಸಿ ಉದ್ದನೆಯ ಕೊಳವೆಯಂತಹ ಪಾತ್ರೆಯಲ್ಲಿ ಮಜ್ಜಿಗೆ ಕಡೆದಂತೆ ಕಡೆಯುತ್ತಾರೆ. ಕಾಶ್ಮೀರದ ನೂನ್ ಚಾಯ್‌ಗೂ ಉಪ್ಪೇ ರುಚಿ. ಸ್ವಲ್ಪ ಸೋಡ ಹಾಕಿ ಕುದಿಸುವುದರಿಂದ ಹಾಲು ಬೆರೆತಾಗ ಅದಕ್ಕೆ ಗುಲಾಬಿಯ ಬಣ್ಣ ಬರುತ್ತದೆ. ಇದನ್ನು ಬರಿಯ ಅನಾಗರಿಕತೆಯೆಂದು ನಗುವವರು ಭೌತಶಾಸ್ತ್ರದ ಒಂದು ಪಾಠವನ್ನು ಮರೆಯುತ್ತಾರೆ. ನೆಲ ಎತ್ತರವಾದಷ್ಟೂ ನೀರು ಕಡಮೆ ಕಾವಿನಲ್ಲಿಯೇ ಕುದಿಯುತ್ತದೆ. ಸಮುದ್ರದ ಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡ್ ಆದರೆ, ಬೆಂಗಳೂರಿನಲ್ಲಿ ಸುಮಾರು 97, ಉದಕಮಂಡಲದಲ್ಲಿ ಸುಮಾರು 93, ಲಾಸಾ ನಗರದಲ್ಲಿ 88. ಅಂತಹ ನೀರನ್ನು ಎಲೆಯ ಮೇಲೆ ಸುಮ್ಮನೆ ಎರೆದರೆ ಗಡುಸಾದ ಇಟ್ಟಿಗೆ ಚಹದ ಸಾರ ಹೇಗೆ ಬಿಟ್ಟೀತು?

ಲು ಯುವಿನ ತರುವಾಯ ಸುಂಗ್ ಚಕ್ರವರ್ತಿಗಳ ಕಾಲದಲ್ಲಿ ಕುದಿಸುವುದು ಹಿಂದಾಯಿತು. ಬಿಲ್ಲೆಯನ್ನು ಬೀಸುವ ಕಲ್ಲಿನಲ್ಲಿ ನುಣ್ಣಗೆ ಬೀಸಿ, ಪುಡಿಯನ್ನು ಬಟ್ಟಲಿಗೇ ಹಾಕಿ, ಬಿಸಿನೀರನ್ನೆರೆದು, ಬಿದಿರಿನ ಕಡ್ಡಿಗಳ ಕುಂಚದಿಂದ ನೊರೆಯೇಳುವಂತೆ ಕಡೆದು ಕುಡಿಯುವುದು ಶಿಷ್ಟಾಚಾರವಾಯಿತು. ಹುಯಿತ್ಸುಂಗ್ ಚಕ್ರವರ್ತಿ 1107ರ ಸುಮಾರಿನಲ್ಲಿ ತಾನೇ ಈ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಬಿಳಿಯ ನೊರೆ ಎದ್ದು ಕಾಣಲೆಂದು ಕಪ್ಪು ಬಟ್ಟಲುಗಳನ್ನು ಮಾಡಿಸುತ್ತಿದ್ದರಂತೆ. ಈ ರಸಿಕನ ರಾಜ್ಯವನ್ನು ಉತ್ತರದ ಶತ್ರುಗಳು 1127ರಲ್ಲಿ ಕಿತ್ತುಕೊಂಡರು. ಅವನು ಸೆರೆಯಲ್ಲಿಯೇ ಸತ್ತನು. ಆದರೆ ಅವನ ಕಾಲದ ಪದ್ಧತಿ ಸಾಯಲಿಲ್ಲ. 1191ರಲ್ಲಿ ಚೀನಾದಿಂದ ಹಿಂದಿರುಗಿದ ಏಯ್ಸಾಯ್ ಎಂಬ ಜೆನ್ ಸನ್ಯಾಸಿ ಅದನ್ನು ಜಪಾನಿನಲ್ಲಿ ಪ್ರಚಾರಮಾಡಿದನು. ಧ್ಯಾನಕ್ಕೆ ಕುಳಿತವರನ್ನು ನಿದ್ದೆಯಿಂದ ಕಾಪಾಡುವುದು ಅದರ ಮೊದಲ ಪ್ರಯೋಜನ. ಆಮೇಲೆ 16ನೆಯ ಶತಮಾನದಲ್ಲಿ ಸೆನ್ ನೊ ರಿಕ್ಯು ಅದನ್ನು ಒಂದು ಕಲೆಯನ್ನಾಗಿ ಮಾಡಿದನು. ಚೀನಾದೇಶವೇ ಮರೆತ ಪುಡಿಯ ಚಹ ಜಪಾನಿನಲ್ಲಿ ‘ಮಾಚಾ’ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ.

ಚೀನಾದೇಶ ಮರೆತುದಕ್ಕೆ ಕಾರಣ ಒಂದು ರಾಜಾಜ್ಞೆ. ಅರಮನೆಗೆ ಕಾಣಿಕೆಯಾಗಿ ಹೋಗಬೇಕಾಗಿದ್ದ ಬಿಲ್ಲೆಗಳನ್ನು ಮಾಡುವುದು ಪ್ರಾಣಸಂಕಟದ ಕೆಲಸ. ಬೇಯಿಸಬೇಕು, ಹಿಂಡಬೇಕು, ಅರೆಯಬೇಕು, ಒತ್ತಬೇಕು, ಒಣಗಿಸಬೇಕು. ಬಡ ರೈತರ ಮನೆಯಲ್ಲಿ ಹುಟ್ಟಿ ಸಿಂಹಾಸನಕ್ಕೇರಿದ ಮಿಂಗ್ ವಂಶದ ಮೊದಲನೆಯ ಚಕ್ರವರ್ತಿ, 1391ರಲ್ಲಿ, ಇದು ಪ್ರಜೆಗಳಿಗೆ ಹೊರೆಯೆಂದು ಬಿಲ್ಲೆಯ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಒಪ್ಪಿಸಿದರೆ ಸಾಕೆಂದು ಅಪ್ಪಣೆಮಾಡಿದನು. ಬಿಡಿ ಎಲೆಗೆ ಬೀಸುವ ಕಲ್ಲು ಬೇಡ, ಕುಂಚ ಬೇಡ. ಮುಚ್ಚಳವೂ ಸೊಂಡಿಲೂ ಇರುವ ಒಂದು ಪಾತ್ರೆ ಇದ್ದರೆ ಆಯಿತು. ಮುಂದೆ ಯೀಷಿಂಗ್ ಊರಿನ ಕುಂಬಾರರು ಕಂದುಗೆಂಪು ಮಣ್ಣಿನಲ್ಲಿ ಮಾಡಿದ ಪುಟ್ಟ ಪಾತ್ರೆಗಳು ಪ್ರಸಿದ್ಧವಾದುವು. ಚಹವನ್ನು ನೆನೆಸುವುದೇ ಸನಾತನ ಧರ್ಮವೆಂದು ವಾದಿಸುವವರು ಅದು ಕುದಿಸುವುದಕ್ಕಿಂತ ಎಷ್ಟೋ ಶತಮಾನ ಕಿರಿಯದೆಂಬುದನ್ನೂ, ಅದು ಗೆದ್ದುದು ರುಚಿಯ ಬಲದಿಂದ ಮಾತ್ರವಲ್ಲದೆ ದುಡಿಮೆಯ ಭಾರವನ್ನು ಇಳಿಸಿದುದರಿಂದ ಎಂಬುದನ್ನೂ ನೆನಪಿಡಬೇಕು.

ಹಸುರು ಚಹಕ್ಕೆ ಮಾತ್ರ ನೆನೆಸುವುದೇ ಸರಿ, ಅದನ್ನು ಕುದಿಸಬಾರದು. ಕಂದದೆ ಉಳಿದ ಎಲೆಯಲ್ಲಿ ಒಗರಿನ ಪದಾರ್ಥಗಳು ಮಾರ್ಪಡದೆ ಹಾಗೆಯೇ ಇರುತ್ತವೆ. ಕುದಿನೀರು ಅವನ್ನೆಲ್ಲ ಒಮ್ಮೆಗೇ ಸೆಳೆದು ಕಹಿಮಾಡುತ್ತದೆ. 75 ರಿಂದ 80 ಡಿಗ್ರಿ ಕಾವು, ಎರಡು ನಿಮಿಷ ಹೊತ್ತು, ಅಷ್ಟೇ ಸಾಕು. ಉಷ್ಣಮಾಪಕವಿಲ್ಲದ ಮನೆಯಲ್ಲಿ ಇದನ್ನು ತಿಳಿಯುವುದು ಹೇಗೆ? ಮೂರು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರನ್ನು ಬೆರೆಸಿದರೆ ಬೆಂಗಳೂರು ಮೈಸೂರುಗಳಲ್ಲಿ ಹೆಚ್ಚುಕಡಮೆ 79 ಡಿಗ್ರಿಗೆ ಬಂದು ನಿಲ್ಲುತ್ತದೆ. ಜಪಾನಿನವರು ನೀರನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಬಗ್ಗಿಸಿ ಆರಿಸುತ್ತಾರೆ. ಅದಕ್ಕೆಂದೇ ಅವರಲ್ಲಿ ಒಂದು ಪಾತ್ರೆಯುಂಟು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ನಮ್ಮವರಿಗೆ ಇದನ್ನು ಕಲಿಸಬೇಕಾದುದಿಲ್ಲ. ಊಲಾಂಗಿನ ರೀತಿ ಬೇರೆ. ಪುಟ್ಟ ಪಾತ್ರೆಯ ತುಂಬ ಎಲೆ ಹಾಕಿ, ಕುದಿಯ ಹತ್ತಿರದ ನೀರನ್ನೆರೆದು, ಅರೆನಿಮಿಷಕ್ಕೆ ಬಸಿದು, ಅದೇ ಎಲೆಗೆ ಮತ್ತೆ ಮತ್ತೆ ನೀರೆರೆದು ಐದಾರು ಸಲ ಕುಡಿಯುತ್ತಾರೆ; ಒಂದೊಂದು ಸಲಕ್ಕೂ ರುಚಿ ಬೇರೆಯಾಗುತ್ತದೆ. ಹಾಲು ಸಕ್ಕರೆಗಳಿಗೆ ಈ ಎರಡರಲ್ಲಿಯೂ ಎಡೆಯಿಲ್ಲ.

ಯೂರೋಪಿಗೆ ಚಹ ಹೋದುದು 17ನೆಯ ಶತಮಾನದ ಆದಿಯಲ್ಲಿ, ಡಚ್ಚರ ಮೂಲಕ. ಆ ಹೊತ್ತಿಗೆ ಚೀನಾದಲ್ಲಿ ನೆನೆಸುವ ರೂಢಿ ನೆಲೆಯಾಗಿತ್ತು. ಆದುದರಿಂದ ಯೂರೋಪಿನವರು ಕಲಿತದ್ದು ಅದೊಂದನ್ನೇ. ಕಲಿಯುವುದಕ್ಕೂ ಸ್ವಲ್ಪ ಕಾಲ ಹಿಡಿಯಿತು. ಸ್ಕಾಟ್ಲೆಂಡಿನ ನಂಟರಿಗೆ ಒಬ್ಬ ರಾಣಿವಾಸದ ಹೆಂಗಸು ಚಹದ ಸೊಪ್ಪನ್ನು ಕಳುಹಿಸಿದಾಗ, ಅಲ್ಲಿನ ಅಡಿಗೆಯವರು ಅದನ್ನು ಬೇಯಿಸಿ, ನೀರನ್ನು ಬಸಿದು ಚೆಲ್ಲಿ, ಸೊಪ್ಪನ್ನು ಪಲ್ಯದಂತೆ ಬಡಿಸಿದರೆಂದು ಒಂದು ಕಥೆಯಿದೆ. ನಗುವ ಮುನ್ನ ಬರ್ಮಾದೇಶವನ್ನು ನೆನೆಯಬೇಕು. ಅಲ್ಲಿ ಚಹದೆಲೆಯನ್ನು ಉಪ್ಪಿನಕಾಯಿಯಂತೆ ಹುಳಿಯಿಸಿ ಇಂದಿಗೂ ತಿನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸುಂಕ ವಿಪರೀತವಾಗಿ, ಚಹದ ಪೆಟ್ಟಿಗೆಗೆ ಬೀಗ ಹಾಕಿ ಯಜಮಾನಿ ಬೀಗದ ಕೈಯನ್ನು ತಾನೇ ಇಟ್ಟುಕೊಳ್ಳುತ್ತಿದ್ದಳು. 1784ರಲ್ಲಿ ಪಿಟ್ ಮಂತ್ರಿ ನೂರಕ್ಕೆ 119ರಷ್ಟಿದ್ದ ಸುಂಕವನ್ನು ಹನ್ನೆರಡೂವರೆಗೆ ಇಳಿಸಿದ ಮೇಲೆ ಅದು ಬಡವರ ಪಾನೀಯವಾಯಿತು. ಅದರ ಬೆಲೆಯಾಗಿ ಚೀನಾಕ್ಕೆ ಹರಿಯುತ್ತಿದ್ದ ಬೆಳ್ಳಿಯನ್ನು ಉಳಿಸಲು ನಮ್ಮ ದೇಶದಲ್ಲಿ ಬೆಳೆದ ಅಫೀಮನ್ನು ಅಲ್ಲಿ ಮಾರಿದುದೂ, ಅದರಿಂದ 1839ರಲ್ಲಿ ಯುದ್ಧ ಹುಟ್ಟಿದುದೂ ಶ್ರೋತೃಗಳಿಗೆ ತಿಳಿದ ವಿಷಯ.

ಹಾಗಾದರೆ ಭಾರತೀಯರು ಚಹವನ್ನು ಕಲಿತದ್ದು ಇಂಗ್ಲಿಷರಿಂದಲೇ? ಪೂರ್ತಿಯಾಗಿ ಹಾಗೆ ಹೇಳಲಾಗುವುದಿಲ್ಲ. 1638ರಲ್ಲಿ ಸೂರತ್ತಿಗೆ ಬಂದಿದ್ದ ಮಾಂಡೆಲ್‌ಸ್ಲೋ ಎಂಬ ಜರ್ಮನ್ ಪ್ರವಾಸಿ, ಅಲ್ಲಿ ದಿನವೂ ಚಹ ಕುಡಿಯುವ ವಾಡಿಕೆಯನ್ನು ಕಂಡು ಬರೆದಿದ್ದಾನೆ. 1689ರಲ್ಲಿ ಅದೇ ಊರಿನಲ್ಲಿದ್ದ ಆವಿಂಗ್‌ಟನ್ ಎಂಬ ಪಾದ್ರಿ ಇನ್ನೂ ಬೆಲೆಯುಳ್ಳ ಸಂಗತಿಯನ್ನು ತಿಳಿಸುತ್ತಾನೆ. ನೀರಿನಲ್ಲಿ ಖಾರವಾದ ಸಂಬಾರಗಳನ್ನು ಸೇರಿಸಿ ಕುದಿಸಿದ ಚಹ ತಲೆನೋವಿಗೂ ಹೊಟ್ಟೆಯ ನುಲಿತಕ್ಕೂ ಒಳ್ಳೆಯದೆಂದು ಅಲ್ಲಿ ಹೆಸರಾಗಿತ್ತಂತೆ. ಕಲ್ಲುಸಕ್ಕರೆ ಹಾಕಿ ಅದನ್ನು ಕುಡಿಯುತ್ತಿದ್ದರಂತೆ. ಅಸ್ಸಾಮಿನಲ್ಲಿ ಇಂಗ್ಲಿಷರ ಮೊದಲನೆಯ ತೋಟ ಏಳುವುದಕ್ಕೆ ನೂರನಲವತ್ತಕ್ಕೂ ಹೆಚ್ಚು ವರ್ಷ ಮೊದಲು, ನಮ್ಮ ಪಶ್ಚಿಮದ ಕರಾವಳಿಯಲ್ಲಿ, ಮಸಾಲೆ ಹಾಕಿ ಕುದಿಸಿದ ಚಹ ಇತ್ತು. ಅದು ಕಷಾಯದ ಮನೆತನಕ್ಕೆ ಸೇರಿದ್ದು. ಶುಂಠಿ, ಮೆಣಸು, ಕೊತ್ತಂಬರಿಗಳನ್ನು ಕುದಿಸಿ ಕುಡಿಯುವುದನ್ನು ಬಲ್ಲ ದೇಶ ಹೊಸ ಎಲೆಯೊಂದು ಬಂದಾಗ ಅದನ್ನು ಅದೇ ಪಾತ್ರೆಗೆ ಹಾಕಿದುದು ಸಹಜವೇ ಸರಿ. ಆದರೆ ಅದು ಅಲ್ಲಲ್ಲಿನ ಬಳಕೆ. ದೇಶವೆಲ್ಲ ಚಹ ಕುಡಿಯುತ್ತಿರಲಿಲ್ಲ.

ಅಸ್ಸಾಮಿನ ಕಾಡಿನಲ್ಲಿ ಈ ಗಿಡ ತಾನಾಗಿ ಬೆಳೆಯುತ್ತಿದ್ದುದನ್ನು ಅಲ್ಲಿನ ಸಿಂಗ್‌ಫೋ ಜನ ಬಲ್ಲರು. ಅವರು ಎಲೆಯನ್ನು ಹುರಿದು, ಬಿದಿರಿನ ಅಂಡೆಯಲ್ಲಿ ಗಿಡಿದು, ಹೊಗೆಯಲ್ಲಿಟ್ಟು ಕಾಪಾಡಿ ಬೇಕಾದಾಗ ಕುದಿಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸನಿಗೆ ಇದು ತಿಳಿದುಬಂದಿತು. 1839ರ ಜನವರಿಯಲ್ಲಿ ಅಸ್ಸಾಮಿನ ಚಹ ಲಂಡನ್ನಿನಲ್ಲಿ ಹರಾಜಾಯಿತು. ತರುವಾಯ ಕಾಡು ಕಡಿದು ತೋಟ ಹಾಕಲು ದೂರದೂರದಿಂದ ಕರೆತಂದ ಕೂಲಿಗಳು 1860ರ ದಶಕದಲ್ಲಿ ಸಹಸ್ರ ಸಹಸ್ರವಾಗಿ ಜ್ವರ ಭೇದಿಗಳಿಂದ ಸತ್ತರು. ನಮ್ಮ ನೆರೆಯ ನೀಲಗಿರಿಯಲ್ಲಿಯೂ 1830ರ ದಶಕದಲ್ಲಿ ಗಿಡ ನೆಟ್ಟು ನೋಡಿ, 1860ರ ದಶಕದಿಂದ ತೋಟಗಳನ್ನು ಹಾಕಿದರು. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರಲ್ಲಿ ಅನೇಕರು ಇಂದು ಅಲ್ಲಿ ಸಣ್ಣ ಚಹದ ಹಿಡುವಳಿದಾರರು.

ಬೆಳೆದುದೆಲ್ಲ ಬಹುಮಟ್ಟಿಗೆ ಪರದೇಶಕ್ಕೆ ಹೋಗುತ್ತಿತ್ತು. ಬೆಲೆ ಕುಸಿದಾಗ ತೋಟದ ಒಡೆಯರಿಗೆ ಈ ದೇಶದ ಕೋಟ್ಯಂತರ ಬಾಯಿಗಳ ನೆನಪಾಯಿತು. 1903ರಲ್ಲಿ ಕಾನೂನಿನಿಂದ ಒಂದು ತೆರಿಗೆಯೇರ್ಪಟ್ಟು, ಆ ಹಣದಿಂದ ಚಹದ ಪ್ರಚಾರ ಮೊದಲಾಯಿತು. ರೈಲ್ವೆ ನಿಲ್ದಾಣಗಳಲ್ಲಿ ಚಹದ ಅಂಗಡಿಗಳು, ದೇಶಭಾಷೆಗಳಲ್ಲಿ ಬರೆದ ತಗಡಿನ ಫಲಕಗಳು, ಮನೆಯ ಬಾಗಿಲಿಗೆ ಬಂದು ಮಾಡಿತೋರಿಸುವ ಉಪದೇಶಕರು! ಅವರ ವಿಧಿ ಇಂಗ್ಲೆಂಡಿನದು: ಹೊಸ ನೀರನ್ನು ಕುದಿಸಿ, ಪಾತ್ರೆಯನ್ನು ಬಿಸಿಮಾಡಿ, ತಲೆಗೊಂದು ಚಮಚ ಎಲೆ ಹಾಕಿ, ನೀರೆರೆದು ಮುಚ್ಚಿ, ಕೆಲವು ನಿಮಿಷ ಬಿಟ್ಟು ಬಸಿಯಿರಿ, ಹಾಲು ಆಮೇಲೆ. ಬೀದಿಯ ಚಹದವನು ಇದನ್ನು ಕೇಳಿದನು, ಆದರೆ ತನ್ನಂತೆಯೇ ನಡೆದನು. ಎಲೆ ದುಬಾರಿ, ಹಾಲು, ಬೆಲ್ಲ, ಶುಂಠಿ ಕೈಗೆಟುಕುವಂಥವು. ಕುದಿಸಿದರೆ ಸ್ವಲ್ಪ ಎಲೆಯಿಂದಲೂ ಬಣ್ಣ ಬರುತ್ತದೆ. ಪ್ರಚಾರಕರಿಗೆ ಇದು ಹಿಡಿಸಲಿಲ್ಲ. ಮಸಾಲೆ ಹೆಚ್ಚಾದಷ್ಟೂ ಎಲೆಯ ಖರ್ಚು ಕಡಮೆಯಾಗುತ್ತದಲ್ಲವೆ? ರುಚಿಯ ಹೆಸರಿನಲ್ಲಿ ಹೇಳಿದ ಈ ಬುದ್ಧಿವಾದದಲ್ಲಿ ವ್ಯಾಪಾರದ ಲೆಕ್ಕವೂ ಸೇರಿತ್ತೆಂದು ನನಗೆ ತೋರುತ್ತದೆ. ಮಹಾತ್ಮಾ ಗಾಂಧಿಯವರ ಆಕ್ಷೇಪಣೆ ಬೇರೆ ಜಾತಿಯದು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಅವರು ಎಲೆಯ ಟ್ಯಾನಿನ್ ದೇಹಕ್ಕೆ ಕೆಡುಕೆಂದು ಚಹವನ್ನು ದೂರಿದ್ದಾರೆ.

ಕೊನೆಗೆ ಈ ವ್ಯಾಜ್ಯವನ್ನು ತೀರಿಸಿದುದು ಒಂದು ಯಂತ್ರ. 1930ರ ಸುಮಾರಿಗೆ ಅಸ್ಸಾಮಿನ ಅಮ್ಗೂರಿ ತೋಟದಲ್ಲಿ ಮೆಕರ್ಚರ್ ಎಂಬಾತನು, ಹಲ್ಲುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಮಾಡುವ ವಿಧಾನವನ್ನು ಕಂಡುಹಿಡಿದನು, ಸಿ.ಟಿ.ಸಿ. ಎಂದು ಡಬ್ಬಗಳ ಮೇಲೆ ಕಾಣುವುದು ಇದೇ. ಸ್ವಾತಂತ್ರ್ಯಾನಂತರ ಇದು ದೇಶವನ್ನೆಲ್ಲ ವ್ಯಾಪಿಸಿತು. ಇದರಿಂದ ಬರುವ ಸಣ್ಣ ಕಾಳು ಬೇಗ, ಕಡುವಾಗಿ, ಅಗ್ಗವಾಗಿ ಇಳಿಯುತ್ತದೆ. ಬೆಳೆದ ಚಹದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲನ್ನು ಇಂದು ನಾವೇ ಕುಡಿಯುತ್ತೇವೆ. ಅದರಲ್ಲಿ ಬಹುಪಾಲು ಈ ಕಾಳೇ. ಇದನ್ನು ಇಂಗ್ಲಿಷ್ ವಿಧಿಯಂತೆ ನೆನೆಸಿ ಹಾಲಿಲ್ಲದೆ ಕುಡಿದರೆ ಗಂಟಲು ಹಿಡಿಯುವ ಒಗರು. ಹಾಲಿನಲ್ಲಿರುವ ಕೇಸಿನ್ ಎಂಬ ಪದಾರ್ಥ ಆ ಒಗರನ್ನು ಕಟ್ಟಿಹಾಕುತ್ತದೆ. ಆದುದರಿಂದ ಈ ಪುಡಿಗೆ ಹಾಲೂ ಒಲೆಯೂ ತಪ್ಪಲ್ಲ, ಅಗತ್ಯ. ಮಾಡುವಾಗ ಒಂದು ಕ್ರಮವನ್ನು ಪಾಲಿಸಿದರೆ ಸಾಕು. ಇಬ್ಬರಿಗೆ ಒಂದೂವರೆ ಲೋಟ ನೀರಿಟ್ಟು, ಜಜ್ಜಿದ ಶುಂಠಿಯನ್ನು ಮೊದಲು ಹಾಕಿ ಕುದಿಸಿ. ಅದರ ಸಾರ ಬಿಟ್ಟ ಮೇಲೆ ಎರಡು ಚಮಚ ಪುಡಿ ಹಾಕಿ ಎರಡು ನಿಮಿಷ ಬರಿಯ ನೀರಿನಲ್ಲಿಯೇ ಕುದಿಯಲಿ. ಅರ್ಧ ಲೋಟ ಹಾಲನ್ನು ಆಮೇಲೆ ಎರೆದು, ಒಮ್ಮೆ ಉಕ್ಕು ಬಂದೊಡನೆ ಇಳಿಸಿ ಶೋಧಿಸಬೇಕು. ಮೊದಲೇ ಹಾಲು ಹಾಕಿದರೆ ಎಲೆ ಚೆನ್ನಾಗಿ ಬಿಡುವುದಿಲ್ಲ. ಹಸಿ ಶುಂಠಿಯನ್ನು ಹಾಲಿಗೆ ನೇರವಾಗಿ ಹಾಕಿದರೆ ಹಾಲು ಒಡೆಯುವುದೂ ಉಂಟು.

ದಾರ್ಜಿಲಿಂಗಿನ ಅಥವಾ ನೀಲಗಿರಿಯ ಇಡಿ ಎಲೆಯ ಕರಿಯ ಚಹ ಸಿಕ್ಕಿದಾಗ ಮಾತ್ರ ಒಲೆಯ ಮೇಲೆ ಕೈಮಾಡಬಾರದು. ಅದರ ಜೀವವೆಲ್ಲ ಪರಿಮಳದಲ್ಲಿದೆ. ಕುದಿಸಿದರೆ ಅದು ಹಬೆಯೊಡನೆ ಹಾರಿಹೋಗುತ್ತದೆ. ಕುದಿಯುತ್ತಿರುವ ನೀರನ್ನು ಎಲೆಯ ಮೇಲೆರೆದು ಮೂರು ನಾಲ್ಕು ನಿಮಿಷ ಮುಚ್ಚಿಟ್ಟು ಬಸಿಯಬೇಕು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರಲ್ಲಿ ಚಹಕ್ಕೆ ಹನ್ನೊಂದು ಸೂತ್ರಗಳನ್ನು ಬರೆದಾಗ, ಚಹದ ಪಾತ್ರೆಯನ್ನು ಒಲೆಯ ಬಳಿಗೆ ಒಯ್ಯಬೇಕೇ ಹೊರತು ಕುದಿನೀರನ್ನು ಪಾತ್ರೆಯ ಬಳಿಗೆ ತರಬಾರದೆಂದನು. ತರುವಷ್ಟರಲ್ಲಿ ನೀರು ಆರುತ್ತದೆ. 97ರಲ್ಲಿಯೇ ಕುದಿಯುವ ನಮ್ಮೂರಿನ ನೀರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. 1980ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ ಎಂದು ಗೊತ್ತುಮಾಡಿತು. ಅದು ಚಹದ ದೋಷಗಳನ್ನು ಹುಡುಕುವ ಪರೀಕ್ಷಕರಿಗಾಗಿ ಮಾಡಿದ ಅಳತೆ. ಸಂಜೆ ಮನೆಗೆ ಬಂದ ನೆಂಟರ ಮೇಲೆ ಅದನ್ನು ಪ್ರಯೋಗಿಸಬೇಕಾದುದಿಲ್ಲ.

ಎಲೆ ಯಾವುದೇ ಆಗಲಿ, ಅದು ಹತ್ತಿರದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಲ್ಲಿಗೆಯ ಹೂವಿನೊಡನೆ ಇಟ್ಟು ಪರಿಮಳ ಕಟ್ಟಿಸುವ ಚೀನೀಯರ ಉಪಾಯಕ್ಕೆ ಈ ಗುಣವೇ ಆಧಾರ. ಆದುದರಿಂದ ಬಿಗಿಯಾದ ಮುಚ್ಚಳದ ತಗಡಿನ ಡಬ್ಬದಲ್ಲಿ, ಬೆಳಕು ತೇವಗಳು ಸೋಕದಂತೆ, ಇಂಗಿನಿಂದಲೂ ಕಾಫಿಪುಡಿಯಿಂದಲೂ ದೂರವಾಗಿ ಇಡತಕ್ಕದ್ದು.